ಕರಿಕಲ್ಲಿನ ಅಡಿಯ ತೆಳು ಪದರ: ಡೈನೋಸಾರ್‌ಗಳ ಕಾಲ ಮತ್ತು ನಮ್ಮ ನೆಲ



ಇತಿಹಾಸ ಎಂದ ಕೂಡಲೇ ನಮ್ಮ ಭಾಗದವರಿಗೆ ನೆನಪಾಗುವುದು ಮಳಖೇಡದ ರಾಷ್ಟ್ರಕೂಟರು, ಕಲಬುರಗಿಯ ಬಹಮನಿ ಕೋಟೆ, ಹಜರತ್ ಖ್ವಾಜಾ ಬಂದೇ ನವಾಜರ ದರ್ಗಾ, ಆಳಂದದ ಲಾಡ್ಲೆ ಮಶಾಯಕರ ದರ್ಗಾ, ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಸಂಗಮ. ಇವೆಲ್ಲ ಹೆಚ್ಚೆಂದರೆ ಸಾವಿರದ ಇನ್ನೂರು ವರ್ಷಗಳ ಮಾತು. ಆದರೆ ಇವು ನಿಂತಿರುವ ನೆಲಕ್ಕೂ ಒಂದು ಇತಿಹಾಸವಿದೆ. ಅದನ್ನು ಬರೆದಿಟ್ಟವರು ಯಾವ ದರಬಾರಿನ ಇತಿಹಾಸಕಾರರೂ ಅಲ್ಲ. ಅದು ಕಲ್ಲಿನಲ್ಲಿ, ಮಣ್ಣಿನಲ್ಲಿ, ಮೂಳೆಯ ಚೂರಿನಲ್ಲಿ ಉಳಿದುಕೊಂಡಿದೆ. ಈ ಲೇಖನದಲ್ಲಿ ಅಂಥ ಒಂದು ಪುಟವನ್ನು ನಿಮ್ಮ ಮುಂದೆ ತೆರೆಯುವ ಪ್ರಯತ್ನ ಮಾಡಿದ್ದೇನೆ.

ಡೈನೋಸಾರ್ ಎಂದರೆ ಸಿನಿಮಾದಲ್ಲಿ ಬರುವ, ಅಮೆರಿಕದಲ್ಲೋ ಚೀನಾದಲ್ಲೋ ಇದ್ದ ಪ್ರಾಣಿ ಎಂಬ ಭಾವನೆ ನಮ್ಮ ಮಕ್ಕಳಲ್ಲಿದೆ. ಆ ಪ್ರಾಣಿಗಳು ನಮ್ಮ ದೇಶದಲ್ಲೂ ಬದುಕಿದ್ದವು. ಅವುಗಳ ಕೊನೆಯ ದಿನಗಳನ್ನು ಮುಚ್ಚಿದ ಕಲ್ಲಿನ ಮೇಲೆಯೇ ನಾವು ಇಂದು ತೊಗರಿ ಮತ್ತು ಜೋಳ ಬಿತ್ತುತ್ತಿದ್ದೇವೆ.

ಮೂರು ತಾಲ್ಲೂಕು, ಎರಡು ಕಲ್ಲು

ಮೊದಲು ನಮ್ಮ ನೆಲವನ್ನೇ ನೋಡೋಣ. ಆಳಂದದಲ್ಲಿ ಯಾರಾದರೂ ಹೊಸ ಬಾವಿ ತೋಡಿಸುತ್ತಿದ್ದರೆ ಅದರ ದಂಡೆಯ ಮೇಲೆ ಸ್ವಲ್ಪ ಹೊತ್ತು ನಿಂತು ನೋಡಿ. ಮೊದಲು ಬರುವುದು ಕರಿಮಣ್ಣು. ಅದರ ಕೆಳಗೆ ಪುಡಿಪುಡಿಯಾಗುವ ಮುರಂ. ಆಮೇಲೆ ಹಾರೆಗೂ ಜಗ್ಗದ ಕರಿಕಲ್ಲು. ಕೆಲವು ಕಡೆ ಒಂದು ಕರಿಕಲ್ಲಿನ ಪದರಕ್ಕೂ ಇನ್ನೊಂದಕ್ಕೂ ನಡುವೆ ಕೆಂಪು ಮಣ್ಣಿನ ಪಟ್ಟಿಯೊಂದು ಕಾಣುತ್ತದೆ. ಅಮರ್ಜಾ ನದಿಯ ಜೊತೆ ಕೆಳಗಿಳಿದು, ಅದು ಭೀಮೆಯನ್ನು ಸೇರುವ ಅಫಜಲಪುರ ತಾಲ್ಲೂಕಿಗೆ ಬಂದರೂ ಇದೇ ಕರಿಕಲ್ಲು, ಇದೇ ಎರೆಭೂಮಿ. ನೆರೆಯ ವಿಜಯಪುರದ ಗೋಲಗುಂಬಜ್ ಕಟ್ಟಿದ್ದೂ ಇಂಥದೇ ಕಲ್ಲಿನಿಂದ.

ಭೀಮೆಯ ಗುಂಟ ಇನ್ನೂ ಮುಂದೆ ಹೋಗಿ ಜೇವರ್ಗಿಯ ಕಡೆ ಬಂದರೆ ನೆಲ ಬದಲಾಗುತ್ತದೆ. ಆ ತಾಲ್ಲೂಕಿನ ಕೆಲವು ಭಾಗಗಳಲ್ಲಿ ಕರಿಕಲ್ಲು ಮುಗಿದು, ಬೂದು ಬಣ್ಣದ ಸುಣ್ಣಕಲ್ಲು ಕಾಣಿಸಿಕೊಳ್ಳುತ್ತದೆ. ಚಿತ್ತಾಪುರ, ಶಹಾಬಾದ್, ಸೇಡಂ ಕಡೆ ಇದೇ ಕಲ್ಲು ಫರ್ಸಿಯಾಗಿ ಮನೆಗಳ ನೆಲಕ್ಕೆ ಹಾಸಲ್ಪಡುತ್ತದೆ, ಸಿಮೆಂಟ್ ಕಾರ್ಖಾನೆಗಳಿಗೂ ಹೋಗುತ್ತದೆ.

ಈ ಎರಡು ಕಲ್ಲುಗಳ ಹುಟ್ಟು ಬೇರೆ, ವಯಸ್ಸೂ ಬೇರೆ. ಸುಣ್ಣಕಲ್ಲು ಕಣಶಿಲೆ. ಹಿಂದೊಮ್ಮೆ ಇಲ್ಲಿದ್ದ ಆಳವಿಲ್ಲದ ಸಮುದ್ರದ ತಳದಲ್ಲಿ ಪದರು ಪದರಾಗಿ ಕುಳಿತು ಗಟ್ಟಿಯಾದದ್ದು. ಭೂವಿಜ್ಞಾನಿಗಳು ಇದನ್ನು ಭೀಮಾ ಗುಂಪಿನ ಶಿಲೆ ಎನ್ನುತ್ತಾರೆ. ಇದರ ವಯಸ್ಸು 50 ಕೋಟಿ ವರ್ಷಗಳಿಗಿಂತ ಬಹಳ ಹೆಚ್ಚು. ಮೀನು ಕೂಡ ಇಲ್ಲದ ಕಾಲ ಅದು. ಈ ಗುಂಪಿನ ಜೇಡಿಪದರಗಳಲ್ಲಿ ಸಿಕ್ಕಿರುವುದು ಚುವಾರಿಯಾ ಎಂಬ, ಸಣ್ಣ ಕಪ್ಪು ಬಿಲ್ಲೆಯಂಥ ಜೀವಿಯ ಗುರುತುಗಳು. ಡೈನೋಸಾರ್‌ಗಳು ಭೂಮಿಗೆ ಬಂದದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಆದ್ದರಿಂದ ಫರ್ಸಿ ಗಣಿಯಲ್ಲಿ ಡೈನೋಸಾರ್ ಹುಡುಕುವುದು ವ್ಯರ್ಥ. ಅದು ಅವುಗಳ ಹುಟ್ಟಿಗೂ ಮೊದಲೇ ಮುಗಿದುಹೋದ ಅಧ್ಯಾಯ.

ಕರಿಕಲ್ಲು ಅಗ್ನಿಶಿಲೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿ ಬಿರಿದು ಉಕ್ಕಿದ ಲಾವಾರಸ ಆರಿ ಗಟ್ಟಿಯಾದದ್ದು. ಇದಕ್ಕೆ ಡೆಕ್ಕನ್ ಟ್ರ್ಯಾಪ್ ಎಂದು ಹೆಸರು. ಸ್ವೀಡನ್ ದೇಶದ ಭಾಷೆಯಲ್ಲಿ ಟ್ರಾಪಾ ಎಂದರೆ ಮೆಟ್ಟಿಲು. ಒಂದರ ಮೇಲೊಂದು ಹರಿದ ಲಾವಾ ಪದರಗಳು ಗುಡ್ಡಗಳಲ್ಲಿ ಮೆಟ್ಟಿಲಿನಂತೆ ಕಾಣುವುದರಿಂದ ಈ ಹೆಸರು ಬಂತು. ಇಂದಿಗೂ ಈ ಕಲ್ಲು ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಆವರಿಸಿದೆ. ಮಹಾಬಳೇಶ್ವರದ ಕಡೆ ಇದು ಬಹಳ ದಪ್ಪ. ನಮ್ಮ ಜಿಲ್ಲೆ ಇರುವುದು ಇದರ ಆಗ್ನೇಯದ ಅಂಚಿನಲ್ಲಿ, ಹೊದ್ದ ಕಂಬಳಿಯ ಸೆರಗಿನಲ್ಲಿ ಇದ್ದಂತೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕರಿಕಲ್ಲಿನ ಕಂಬಳಿ ಹೊದೆಸುವ ಮುಂಚೆ ಆ ನೆಲದ ಮೇಲೆ ಏನಿತ್ತು? ನದಿಗಳಿದ್ದವು, ಕೆರೆಗಳಿದ್ದವು, ಅವುಗಳ ದಂಡೆಯಲ್ಲಿ ಪ್ರಾಣಿಗಳಿದ್ದವು. ಆ ಕಾಲದ ಮರಳು, ಜೇಡಿ, ಸುಣ್ಣದ ಮಣ್ಣು ಕೆಲವೆಡೆ ತೆಳುವಾದ ಪದರವಾಗಿ ಕರಿಕಲ್ಲಿನ ಅಡಿಯಲ್ಲೇ ಉಳಿದಿವೆ. ಮಧ್ಯ ಭಾರತದಲ್ಲಿ ಈ ಪದರಕ್ಕೆ ಲಮೇಟಾ ಶಿಲಾಸ್ತರ ಎಂದು ಹೆಸರು. ಭಾರತದ ಡೈನೋಸಾರ್‌ಗಳ ಬಹುಪಾಲು ಕಥೆ ಇರುವುದು ಇದರಲ್ಲೇ.

ಜಬಲ್ಪುರದ ಗುಡ್ಡದಲ್ಲಿ ಸಿಕ್ಕ ಮೂಳೆ

ನರ್ಮದಾ ನದಿಯ ದಂಡೆಯಲ್ಲಿ, ಜಬಲ್ಪುರದ ಸಮೀಪ ಲಮೇಟಾ ಘಾಟ್ ಎಂಬ ಸ್ಥಳವಿದೆ. 19ನೇ ಶತಮಾನದಲ್ಲಿ ಅಲ್ಲಿನ ಶಿಲೆಗಳನ್ನು ಅಭ್ಯಾಸ ಮಾಡಿದ ಮೆಡ್ಲಿಕಾಟ್ ಎಂಬ ಭೂವಿಜ್ಞಾನಿ ಈ ಪದರಕ್ಕೆ ಆ ಊರಿನ ಹೆಸರನ್ನೇ ಇಟ್ಟರು. ಆದರೆ ಮೂಳೆಗಳು ಸಿಕ್ಕಿದ್ದು ಅದಕ್ಕಿಂತ ಮುಂಚೆ. 1828ರಲ್ಲಿ ಜಬಲ್ಪುರದ ದಂಡಿನ ಪ್ರದೇಶದಲ್ಲಿದ್ದ ಬಡಾ ಸಿಮ್ಲಾ ಗುಡ್ಡದಲ್ಲಿ ಕ್ಯಾಪ್ಟನ್ ವಿಲಿಯಂ ಸ್ಲೀಮನ್ ಎಂಬ ಅಧಿಕಾರಿಗೆ ಕಲ್ಲಾಗಿದ್ದ ಮೂಳೆಗಳು ದೊರೆತವು. ಠಗ್ಗರನ್ನು ಹತ್ತಿಕ್ಕಿದವನೆಂದು ನಾವು ಶಾಲೆಯ ಪಾಠದಲ್ಲಿ ಓದಿದ ಸ್ಲೀಮನ್ ಇವನೇ. ಆಗ ಡೈನೋಸಾರ್ ಎಂಬ ಪದವೇ ಹುಟ್ಟಿರಲಿಲ್ಲ. ಇಂಗ್ಲೆಂಡಿನ ರಿಚರ್ಡ್ ಓವೆನ್ ಆ ಪದವನ್ನು ಮಾಡಿದ್ದು 1842ರಲ್ಲಿ.

ಮೂಳೆಗಳು ಕಲ್ಕತ್ತಾ ಸೇರಿದವು. 1877ರಲ್ಲಿ ರಿಚರ್ಡ್ ಲೈಡೆಕ್ಕರ್ ಅವುಗಳನ್ನು ಪರಿಶೀಲಿಸಿ ಟೈಟನೋಸಾರಸ್ ಇಂಡಿಕಸ್ ಎಂದು ನಾಮಕರಣ ಮಾಡಿದರು. ಉದ್ದ ಕತ್ತಿನ, ಉದ್ದ ಬಾಲದ, ಸೊಪ್ಪು ತಿನ್ನುವ ಭಾರೀ ಪ್ರಾಣಿ ಅದು. ಭಾರತದ ಮೊದಲ ಡೈನೋಸಾರ್ ಇದೇ. ಆದರೆ ಮುಂದೆ ಆದದ್ದನ್ನು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಆ ಮೂಳೆಗಳು ಎಲ್ಲಿವೆ ಎಂಬುದೇ ಕಾಲಕ್ರಮದಲ್ಲಿ ಮರೆತುಹೋಯಿತು. ಅವು ಕಳೆದುಹೋದವೆಂದೇ ಜಗತ್ತು ಭಾವಿಸಿತ್ತು. 2012ರಲ್ಲಿ ಕೋಲ್ಕತ್ತಾದ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಂಗ್ರಹದಲ್ಲೇ ಅವು ಮತ್ತೆ ಸಿಕ್ಕವು. ಹುಡುಕುವವರು ಬರುವವರೆಗೂ ನಿಧಿ ಮನೆಯಲ್ಲೇ ಇದ್ದರೂ ಇಲ್ಲದಂತೆಯೇ.

ಮೊಟ್ಟೆ, ಹಾವು ಮತ್ತು ಹುಲ್ಲು

ಲಮೇಟಾ ಪದರದಲ್ಲಿ ಬರೀ ಮೂಳೆಗಳಲ್ಲ, ಮೊಟ್ಟೆಗಳೂ ಹೇರಳವಾಗಿವೆ. 1980ರ ದಶಕದ ಆರಂಭದಲ್ಲಿ ಗುಜರಾತಿನ ಬಾಲಾಸಿನೋರ್ ಸಮೀಪ, ಸಿಮೆಂಟಿಗಾಗಿ ಸುಣ್ಣಕಲ್ಲು ತೆಗೆಯುವ ಗಣಿಯಲ್ಲಿ ದುಂಡಗಿನ ಕಲ್ಲುಗಳು ಕಂಡವು. ಅವು ಡೈನೋಸಾರ್ ಮೊಟ್ಟೆಗಳೆಂದು ಭೂವಿಜ್ಞಾನಿಗಳು ಗುರುತಿಸಿದರು. 2023ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಮಧ್ಯಪ್ರದೇಶದ ಧಾರ್ ಜಿಲ್ಲೆಯೊಂದರಲ್ಲೇ 92 ಗೂಡುಗಳು ಮತ್ತು 256 ಮೊಟ್ಟೆಗಳು ದಾಖಲಾಗಿವೆ. ಅಲ್ಲಿಯ ನೆಲ ಅಷ್ಟು ದೊಡ್ಡ ಹೆರಿಗೆಮನೆಯಾಗಿತ್ತು!

ಗುಜರಾತಿನಲ್ಲಿ ಸಿಕ್ಕ ಒಂದು ಗೂಡಿನ ಕಥೆಯನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಧನಂಜಯ ಮೊಹಬೇ ಎಂಬ ವಿಜ್ಞಾನಿ 1984ರಲ್ಲಿ ಆ ಕಲ್ಲನ್ನು ಸಂಗ್ರಹಿಸಿದರು. ಅದರಲ್ಲಿ ಮೊಟ್ಟೆಗಳೂ ಮರಿ ಡೈನೋಸಾರಿನ ಮೂಳೆಗಳೂ ಇದ್ದವು. 2001ರಲ್ಲಿ ಜೆಫ್ರಿ ವಿಲ್ಸನ್ ಎಂಬ ಅಮೆರಿಕದ ವಿಜ್ಞಾನಿ ಅದೇ ಕಲ್ಲನ್ನು ನೋಡುತ್ತಿದ್ದಾಗ ಕೆಲವು ಮೂಳೆಗಳು ಡೈನೋಸಾರಿನವಲ್ಲ, ಹಾವಿನವು ಎಂದು ಹೊಳೆಯಿತು. ಮೊಟ್ಟೆಯಿಂದ ಆಗತಾನೇ ಹೊರಬಂದ ಮರಿಯ ಬಳಿ ಸುರುಳಿ ಸುತ್ತಿಕೊಂಡಿದ್ದ, ಸುಮಾರು ಮೂರೂವರೆ ಮೀಟರ್ ಉದ್ದದ ಹಾವು. ಆ ಕ್ಷಣದಲ್ಲೇ ಮಣ್ಣು ಕುಸಿದು ಬೇಟೆಗಾರನನ್ನೂ ಬೇಟೆಯನ್ನೂ ಒಟ್ಟಿಗೆ ಮುಚ್ಚಿತ್ತು. ಸನಜೇ ಇಂಡಿಕಸ್ ಎಂಬ ಹೆಸರಿನಿಂದ ಈ ಹಾವನ್ನು 2010ರಲ್ಲಿ ಜಗತ್ತಿಗೆ ಪರಿಚಯಿಸಲಾಯಿತು. ಕಲ್ಲು ಅದೇ, ನೋಡುವ ಕಣ್ಣು ಮಾತ್ರ ಬೇರೆ.

ಇದೇ ರೀತಿ 1980ರ ದಶಕದಲ್ಲಿ ಬಾಲಾಸಿನೋರ್ ಬಳಿಯ ರೈಯೋಲಿಯಲ್ಲಿ ಸಂಗ್ರಹವಾದ ಮೂಳೆಗಳಿಂದ, ತಲೆಯ ಮೇಲೆ ಕೊಂಬಿದ್ದ ಮಾಂಸಾಹಾರಿ ರಾಜಾಸಾರಸ್ ನರ್ಮದೆನ್ಸಿಸ್ 2003ರಲ್ಲಿ ಬೆಳಕಿಗೆ ಬಂತು. ಇದರ ಹತ್ತಿರದ ಬಂಧುಗಳು ದೂರದ ಮಡಗಾಸ್ಕರ್ ದ್ವೀಪದಲ್ಲಿದ್ದವು. ಭಾರತ ಒಮ್ಮೆ ಆಫ್ರಿಕಾ, ಮಡಗಾಸ್ಕರ್‌ಗಳ ಜೊತೆ ಕೂಡಿದ್ದು ಆಮೇಲೆ ಬೇರ್ಪಟ್ಟು ಉತ್ತರಕ್ಕೆ ಸರಿಯಿತು ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಇನ್ನೊಂದು ಸಂಗತಿ ಜೋಳ ಉಣ್ಣುವ ನಮಗೆ ಹತ್ತಿರದ್ದು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸದುರಾ ಎಂಬ ಹಳ್ಳಿಯ ಹೊಲಗಳಲ್ಲಿ, ಇದೇ ಲಮೇಟಾ ಪದರದಿಂದ ಡೈನೋಸಾರ್‌ಗಳ ಲದ್ದಿ ಕಲ್ಲಾಗಿ ಸಿಗುತ್ತದೆ. ಲಖನೌದ ಬೀರಬಲ್ ಸಾಹನಿ ಸಂಸ್ಥೆಯ ವಂದನಾ ಪ್ರಸಾದ್, ಹಬೀಬ್ ಅಲಿಮೊಹಮ್ಮದಿಯಾನ್, ಅಶೋಕ್ ಸಾಹ್ನಿ ಮತ್ತು ಸ್ವೀಡನ್ನಿನ ಕರೋಲಿನ್ ಸ್ಟ್ರಾಂಬರ್ಗ್ ಕೂಡಿ ಅದನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಅದರಲ್ಲಿ ಹುಲ್ಲಿನ ಸೂಕ್ಷ್ಮ ಕಣಗಳಿದ್ದವು. ಡೈನೋಸಾರ್‌ಗಳ ಕಾಲದಲ್ಲಿ ಹುಲ್ಲು ಅಷ್ಟೊಂದು ಬಗೆಗಳಾಗಿ ಹರಡಿರಲಿಲ್ಲ ಎಂದು ಅಲ್ಲಿಯವರೆಗೆ ನಂಬಲಾಗಿತ್ತು. 2005ರ ಈ ಸಂಶೋಧನೆ ಆ ನಂಬಿಕೆಯನ್ನು ಬದಲಿಸಿತು. ನಮ್ಮ ಜೋಳ, ಭತ್ತ, ಗೋಧಿ ಎಲ್ಲವೂ ಹುಲ್ಲಿನ ವಂಶದವು. ಒಂದು ಮುಷ್ಟಿ ಲದ್ದಿ ಜಗತ್ತಿನ ಪಠ್ಯಪುಸ್ತಕಗಳನ್ನು ತಿದ್ದಿತೆಂದರೆ ಚಿಕ್ಕ ವಸ್ತುವನ್ನು ಕಡೆಗಣಿಸಬಾರದು ಎಂಬ ಪಾಠ ನಮಗೆ ಸಿಗುತ್ತದೆ.

ಬಾಲಾಸಿನೋರಿನ ಒಂದು ಮಾದರಿ

ಬಾಲಾಸಿನೋರ್ ಹಿಂದೆ ಬಾಬಿ ಮನೆತನದ ನವಾಬರು ಆಳಿದ ಚಿಕ್ಕ ಸಂಸ್ಥಾನ. ಮೊಟ್ಟೆಗಳ ಸುದ್ದಿ ಹರಡಿದ ಮೇಲೆ ಜನ ಅವುಗಳನ್ನು ಎತ್ತಿಕೊಂಡು ಹೋಗತೊಡಗಿದರು. ಆ ಮನೆತನದ ಆಲಿಯಾ ಸುಲ್ತಾನಾ ಬಾಬಿ ಎಂಬ ಹೆಣ್ಣುಮಗಳು ಬಂದುಹೋಗುವ ವಿಜ್ಞಾನಿಗಳಿಂದ ಕೇಳಿ ತಿಳಿದು, ಓದಿ, ಆ ನೆಲದ ವಿಷಯವನ್ನು ಕರಗತ ಮಾಡಿಕೊಂಡರು. ಊರ ಜನರಿಗೂ ಪ್ರವಾಸಿಗರಿಗೂ ಅದರ ಬೆಲೆಯನ್ನು ತಿಳಿಸಿ ಹೇಳಿದರು. ಒಬ್ಬ ಮುದುಕಿ ಖಾರ ಅರೆಯಲು ಇಟ್ಟುಕೊಂಡಿದ್ದ ಗುಂಡುಕಲ್ಲು ಡೈನೋಸಾರ್ ಮೊಟ್ಟೆಯೆಂದು ಅವರು ಗುರುತಿಸಿದ ಸಂಗತಿ ಪತ್ರಿಕೆಗಳಲ್ಲಿ ಬಂದಿತ್ತು. 2019ರಲ್ಲಿ ಅಲ್ಲಿ ಡೈನೋಸಾರ್ ವಸ್ತುಸಂಗ್ರಹಾಲಯವೂ ತೆರೆಯಿತು. ನಮ್ಮ ಸಮಾಜದ ಹೆಣ್ಣುಮಕ್ಕಳು ಇದನ್ನು ಓದಬೇಕೆಂದೇ ಬರೆದಿದ್ದೇನೆ. ಭೂವಿಜ್ಞಾನ ಗಂಡಸರ ಕೆಲಸ ಎಂಬ ಮಾತಿಗೆ ಆಲಿಯಾ ಮತ್ತು ವಂದನಾ ಪ್ರಸಾದ್ ಇಬ್ಬರೂ ಉತ್ತರ ಕೊಟ್ಟಿದ್ದಾರೆ.

ಕಾಳಿನಷ್ಟು ಸಣ್ಣ ಸಾಕ್ಷಿಗಳು

"ಇದೆಲ್ಲ ನರ್ಮದೆಯ ಕಡೆಯ ಮಾತಾಯಿತು, ನಮ್ಮ ಕಡೆ ಏನಿದೆ?" ಎಂದು ನೀವು ಕೇಳಬಹುದು. ಆಳಂದದಲ್ಲೋ ಅಫಜಲಪುರದಲ್ಲೋ ಡೈನೋಸಾರ್ ಸಿಕ್ಕಿದೆ ಎಂದು ನಾನು ಹೇಳುತ್ತಿಲ್ಲ. ಸಿಗದ್ದನ್ನು ಸಿಕ್ಕಿದೆ ಎನ್ನುವುದು ವಿದ್ಯೆಗೆ ಮಾಡುವ ಅಪಚಾರ. ಆದರೆ ನಮ್ಮ ಕರಿಕಲ್ಲಿನ ಅಂಚು ಬರಿಗೈಯಲ್ಲಿ ಇಲ್ಲ.

ಲಾವಾ ಒಂದೇ ದಿನ ಹರಿದು ನಿಂತದ್ದಲ್ಲ. ಒಮ್ಮೆ ಹರಿದು ಆರಿದ ಮೇಲೆ ಮತ್ತೆ ಹರಿಯುವವರೆಗೆ ಸಾವಿರಾರು ವರ್ಷಗಳ ಬಿಡುವು ಇರುತ್ತಿತ್ತು. ಆ ಬಿಡುವಿನಲ್ಲಿ ಆರಿದ ಕಲ್ಲಿನ ಮೇಲೆ ಮಳೆನೀರು ನಿಂತು ಕೆರೆಗಳಾದವು, ಗಿಡ ಬೆಳೆದವು, ಜೀವಿಗಳು ಬಂದವು. ಮುಂದಿನ ಲಾವಾ ಅವನ್ನು ಮುಚ್ಚಿತು. ಹೀಗೆ ಎರಡು ಕರಿಕಲ್ಲಿನ ನಡುವೆ ಸಿಕ್ಕಿಬಿದ್ದ ಕೆರೆಯ ಕೆಸರಿನಲ್ಲೂ ಪಳೆಯುಳಿಕೆಗಳಿವೆ. ಅಂಥ ಒಂದು ಪದರ ಇರುವುದು ಗುರುಮಠಕಲ್ ಬಳಿ. ಇಂದು ಅದು ಯಾದಗಿರಿ ಜಿಲ್ಲೆಗೆ ಸೇರಿದ್ದರೂ ಅಧ್ಯಯನ ನಡೆದ ಕಾಲದಲ್ಲಿ ನಮ್ಮ ಗುಲಬರ್ಗಾ ಜಿಲ್ಲೆಯಲ್ಲೇ ಇತ್ತು. ಅಲ್ಲಿ ಸಿಕ್ಕಿರುವುದು ಕೆರೆಯ ನೀರಿನಲ್ಲಿ ಬದುಕುವ ಆಸ್ಟ್ರಕೋಡ್ ಎಂಬ ಚಿಪ್ಪಿನ ಹುಳಗಳು ಮತ್ತು ಕೇರೋಫೈಟ್ ಎಂಬ ಪಾಚಿ ಜಾತಿಯ ಬೀಜದಂಥ ಕಣಗಳು. ಹೆಚ್ಚಿನವು ಸಾಸಿವೆ ಕಾಳಿಗಿಂತ ಸಣ್ಣವು. ರಾಬಿನ್ ವಾಟ್ಲಿ, ಸುನಿಲ್ ಬಾಜಪೇಯಿ ಮತ್ತು ಶ್ರೀನಿವಾಸನ್ ಅವರು ಗುಲಬರ್ಗಾ ಜಿಲ್ಲೆಯ ಈ ಆಸ್ಟ್ರಕೋಡ್‌ಗಳ ಬಗ್ಗೆ 2002ರಲ್ಲಿ ಸ್ಪೇನ್ ದೇಶದ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ನಮ್ಮ ಜಿಲ್ಲೆಯ ಕೆರೆಯ ಕೆಸರು ಸ್ಪೇನ್ ತಲುಪಿತು. ನಮ್ಮಲ್ಲಿ ಎಷ್ಟು ಜನರಿಗೆ ಇದು ಗೊತ್ತಿದೆ?

ಇನ್ನೊಂದು ಸ್ಥಳ ನೀವು ಹೈದರಾಬಾದಿಗೆ ರೈಲಿನಲ್ಲಿ ಹೋಗುವಾಗ ಹಾದುಹೋಗುವ ವಿಕಾರಾಬಾದಿನ ಕಡೆ ಇದೆ. ಅಲ್ಲಿಯ ನಾಸ್ಕಲ್ ಎಂಬ ಹಳ್ಳಿಯ ಹತ್ತಿರ, ಇಂಥದೇ ಪದರದಲ್ಲಿ, ಇಲಿಯಷ್ಟು ಚಿಕ್ಕ ಸಸ್ತನಿಯ ಹಲ್ಲುಗಳು ಸಿಕ್ಕವು. ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ 1988ರಲ್ಲಿ ಇದನ್ನು ಪ್ರಕಟಿಸಿ, ಪ್ರಾಣಿಗೆ ಡೆಕ್ಕನೋಲೆಸ್ಟಿಸ್ ಎಂದು ನಮ್ಮ ದಖನ್ನಿನ ಹೆಸರನ್ನೇ ಇಟ್ಟರು. ಡೈನೋಸಾರ್ ಯುಗದ ಕೊನೆಯಲ್ಲಿ ಭಾರತದಲ್ಲಿ ಹಾಲುಣಿಸುವ ಪ್ರಾಣಿಗಳಿದ್ದವು ಎಂಬುದಕ್ಕೆ ದೊರೆತ ಮೊದಲ ಪುರಾವೆ ಅದು.

ಆ ಯುಗದ ಅಂತ್ಯ ಹೇಗಾಯಿತು? ಮೆಕ್ಸಿಕೋದ ಬಳಿ ದೊಡ್ಡ ಆಕಾಶಕಾಯವೊಂದು ಅಪ್ಪಳಿಸಿದ್ದು ಕಾರಣವೆಂದು ಹೆಚ್ಚಿನ ವಿಜ್ಞಾನಿಗಳು ಹೇಳುತ್ತಾರೆ. ಅಪ್ಪಳಿಕೆಯ ವಿಚಾರವನ್ನು ಆಲ್ವಾರೆಜ್ ತಂದೆ-ಮಗ ಮತ್ತು ಅವರ ಜೊತೆಗಾರರು ಮುಂದಿಟ್ಟದ್ದು 1980ರಲ್ಲಿ. ನಮ್ಮ ಕರಿಕಲ್ಲಿನ ಲಾವಾ ಉಕ್ಕಿದಾಗ ಹೊರಬಂದ ವಿಷಾನಿಲಗಳ ಪಾಲೆಷ್ಟು ಎಂಬ ಚರ್ಚೆ ಇಂದಿಗೂ ನಡೆದಿದೆ. ಅಂತೂ ಮನೆಯಷ್ಟು ದೊಡ್ಡ ಡೈನೋಸಾರ್‌ಗಳು ಹೋದವು, ಇಲಿಯಷ್ಟು ಸಣ್ಣ ಪ್ರಾಣಿಗಳ ವಂಶಗಳು ಉಳಿದವು. ದೊಡ್ಡದೆಂಬುದೇ ಬಲವಲ್ಲ.

ಹಿರಿಯರ ದಾರಿ

ಕೋಟಿ ವರ್ಷಗಳ ಲೆಕ್ಕ ಕೇಳಿ ನಮ್ಮ ಕೆಲವು ಹಿರಿಯರು ಹುಬ್ಬೇರಿಸುತ್ತಾರೆ. ಅವರಿಗೆ ವಿನಯದಿಂದ ಹೇಳುವುದಿಷ್ಟು. ಭೂಮಿಯ ಮೇಲೆ ಓಡಾಡಿ ಸೃಷ್ಟಿಯ ಆರಂಭವನ್ನು ಕುರಿತು ಆಲೋಚಿಸಲು ಪವಿತ್ರ ಕುರ್‌ಆನ್ ನಮ್ಮನ್ನು ಕರೆಯುತ್ತದೆ. ಆ ಕರೆಗೆ ಓಗೊಟ್ಟವರು ನಮ್ಮಲ್ಲಿದ್ದರು. ಕಲ್ಲು ಹೇಗೆ ಆಗುತ್ತದೆ, ಪ್ರಾಣಿ-ಸಸ್ಯಗಳು ಹೇಗೆ ಕಲ್ಲಾಗುತ್ತವೆ ಎಂಬುದನ್ನು ಇಬ್ನ್ ಸೀನಾ ತಮ್ಮ 'ಕಿತಾಬುಶ್ಶಿಫಾ'ದಲ್ಲಿ ಚರ್ಚಿಸಿದ್ದಾರೆ. ಸುಮಾರು 1030ರಲ್ಲಿ ಹಿಂದುಸ್ತಾನದ ಬಗ್ಗೆ ಗ್ರಂಥ ಬರೆದ ಅಲ್‌ಬಿರೂನಿ, ಬೆಟ್ಟದ ಬಳಿ ನದಿಯ ಕಲ್ಲುಗಳು ದೊಡ್ಡವು, ದೂರ ಹೋದಂತೆ ಸಣ್ಣವು, ಸಮುದ್ರದ ಬಳಿ ಬರೀ ಮರಳು ಎಂಬುದನ್ನು ಗಮನಿಸಿದರು. ಉತ್ತರದ ಬಯಲು ಒಂದು ಕಾಲಕ್ಕೆ ಸಮುದ್ರವಾಗಿದ್ದು, ನದಿಗಳು ತಂದ ಮಣ್ಣಿನಿಂದ ತುಂಬಿದೆ ಎಂದು ತರ್ಕಿಸಿದರು. ಯುರೋಪಿನಲ್ಲಿ ಭೂವಿಜ್ಞಾನ ಹುಟ್ಟುವ ಎಷ್ಟೋ ಶತಮಾನಗಳ ಮುಂಚಿನ ಮಾತಿದು.

ನಮ್ಮ ಜಿಲ್ಲೆಯ ಶಿಲೆಗಳನ್ನೂ ನಡೆದು ನೋಡಿದವರಿದ್ದಾರೆ. ರಾಬರ್ಟ್ ಬ್ರೂಸ್ ಫುಟ್ 1876ರಲ್ಲಿ ದಕ್ಷಿಣ ಮರಾಠಾ ಸೀಮೆ ಮತ್ತು ನೆರೆಯ ಜಿಲ್ಲೆಗಳ ಭೂವಿಜ್ಞಾನದ ಗ್ರಂಥ ಹೊರತಂದರು. ನಿಜಾಮ್ ಸರ್ಕಾರಕ್ಕೆ ತನ್ನದೇ ಆದ ಭೂವೈಜ್ಞಾನಿಕ ಸರ್ವೇಕ್ಷಣೆ ಇತ್ತು. ಅದರ ಪತ್ರಿಕೆಯಲ್ಲಿ 1947ರಲ್ಲಿ ಸಿ. ಮಹಾದೇವನ್ ಅವರು ಗುಲಬರ್ಗಾ ಜಿಲ್ಲೆಯ ದಕ್ಷಿಣ ಭಾಗದ ಭೂವಿಜ್ಞಾನವನ್ನು ದಾಖಲಿಸಿದರು. ಅವರ ಕೈಯಲ್ಲಿ ಉಪಗ್ರಹದ ಚಿತ್ರವಿರಲಿಲ್ಲ. ಸುತ್ತಿಗೆ, ನಕ್ಷೆ, ನಡೆಯುವ ಕಾಲು ಇಷ್ಟೇ.

ವಿದ್ಯಾರ್ಥಿಗಳಿಗೆ

ಪ್ರೀತಿಯ ವಿದ್ಯಾರ್ಥಿಗಳೇ, ಪಿಯುಸಿ ವಿಜ್ಞಾನ ಮುಗಿಸಿದವರ ಮುಂದೆ ನಾವು ಡಾಕ್ಟರ್, ಇಂಜಿನಿಯರ್ ಎಂಬ ಎರಡೇ ಬಾಗಿಲು ತೋರಿಸುತ್ತೇವೆ. ಸೀಟು ಸಿಗದವರು ಸೋತೆವೆಂದು ಕೂಡುತ್ತಾರೆ. ಭೂವಿಜ್ಞಾನ ಮೂರನೆಯ ಬಾಗಿಲು. ಕುಡಿಯುವ ನೀರು ಹುಡುಕಲು, ಗಣಿ ನಡೆಸಲು, ಸೇತುವೆ ಕಟ್ಟಲು ಅದು ಬೇಕು. ಬಾವಿ ತೋಡುವ, ಫರ್ಸಿ ಒಡೆಯುವ, ಬೋರ್‌ವೆಲ್ ಹಾಕುವ ಕೆಲಸದಲ್ಲಿ ನಮ್ಮ ಎಷ್ಟೋ ಮನೆಗಳ ಗಂಡಸರಿದ್ದಾರೆ. ಕಲ್ಲಿನ ಮೈಬಣ್ಣ ನೋಡಿ ನೀರು ಎಷ್ಟು ಆಳದಲ್ಲಿದೆ ಎಂದು ಅಂದಾಜು ಹೇಳುವ ಜ್ಞಾನ ಅವರ ಕೈಯಲ್ಲಿದೆ. ಅದರ ಜೊತೆ ಪುಸ್ತಕದ ಜ್ಞಾನ ಕೂಡಿದರೆ ಅವರ ಮಕ್ಕಳು ಯಾರಿಗೂ ಕಡಿಮೆಯಲ್ಲ.

ಶುರು ಮಾಡಲು ದೊಡ್ಡ ಪ್ರಯೋಗಾಲಯ ಬೇಡ. ಬಾವಿಯಿಂದ ಬಂದ ಗುಡ್ಡೆಯಲ್ಲಿ ಎರಡು ಕರಿಕಲ್ಲಿನ ನಡುವಿನ ಬಿಳಿ ಅಥವಾ ಹಸಿರುಬೂದು ಜೇಡಿ ಕಂಡರೆ ಊರಿನ ಹೆಸರು, ಹೊಲ, ಎಷ್ಟು ಅಡಿ ಆಳ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ. ಎಲ್ಲಿ ಸಿಕ್ಕಿತೆಂದು ಗೊತ್ತಿಲ್ಲದ ಪಳೆಯುಳಿಕೆ ವಿಳಾಸವಿಲ್ಲದ ಪತ್ರವಿದ್ದಂತೆ. ಜೇಡಿಯನ್ನು ಚೆನ್ನಾಗಿ ಒಣಗಿಸಿ, ಶಿಕ್ಷಕರ ಎದುರಿನಲ್ಲಿ, ಬೆಂಕಿಯಿಂದ ದೂರ, ಸೀಮೆಎಣ್ಣೆಯಲ್ಲಿ ನೆನೆಸಿ, ಎಣ್ಣೆ ಬಸಿದು ನೀರು ಹಾಕಿದರೆ ಅದು ತಾನಾಗಿಯೇ ಕರಗುತ್ತದೆ. ಸೂಕ್ಷ್ಮ ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗೆ ನೋಡಿ. ವಿಜ್ಞಾನಿಗಳೂ ಹೀಗೆಯೇ ಮಾಡುತ್ತಾರೆ. ನೂರು ಸಲ ಏನೂ ಸಿಗದಿರಬಹುದು. ಅದಕ್ಕೆ ಸಬರ್ ಬೇಕು. ಮೂಳೆಯಂಥದು ಕಂಡರೆ ಒಡೆಯಬೇಡಿ, ಮಾರಬೇಡಿ, ಮನೆಗೆ ಒಯ್ಯಬೇಡಿ. ಫೋಟೋ ತೆಗೆದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ತಿಳಿಸಿ.

ಹೈದರಾಬಾದಿಗೆ ಹೋದಾಗ ಸಾಲಾರ್ ಜಂಗ್ ಮ್ಯೂಸಿಯಂ, ಚಾರ್‌ಮಿನಾರ್ ನೋಡಿ ಬರುವವರು ಬಿರ್ಲಾ ವಿಜ್ಞಾನ ವಸ್ತುಸಂಗ್ರಹಾಲಯಕ್ಕೂ ಒಮ್ಮೆ ಹೋಗಿರಿ. ಆದಿಲಾಬಾದ್ ಕಡೆಯ ಯಾಮನಪಲ್ಲಿಯಲ್ಲಿ ಸಿಕ್ಕ ಕೋಟಾಸಾರಸ್ ಎಂಬ ಡೈನೋಸಾರಿನ ಅಸ್ಥಿಪಂಜರ ಅಲ್ಲಿ ನಿಂತಿದೆ. ಅದು ಲಮೇಟಾಕ್ಕಿಂತ ಬಹಳ ಹಳೆಯ, ಕೋಟಾ ಶಿಲಾಸ್ತರದ ಪ್ರಾಣಿ. ಅದರ ಕಾಲಿನ ಪಕ್ಕ ನಿಂತು ನೋಡಿದಾಗ ನಮ್ಮ ಅಹಂಕಾರ ತಾನಾಗಿ ಇಳಿಯುತ್ತದೆ.

ಓದುಗರೇ, ಬಾವಿಯ ಗುಡ್ಡೆ ರಸ್ತೆಗೆ ಬೀಳುತ್ತಿದೆ, ಕರಿಕಲ್ಲು ಖಡಿಯಾಗುತ್ತಿದೆ. ಅದು ತಪ್ಪಲ್ಲ, ಜನರಿಗೆ ನೀರೂ ಬೇಕು, ರಸ್ತೆಯೂ ಬೇಕು. ಆದರೆ ಆ ಗುಡ್ಡೆ ಹೋಗುವ ಮುಂಚೆ ಅದನ್ನು ಒಮ್ಮೆ ತಿರುಗಿಸಿ ನೋಡುವ ಹುಡುಗನೋ ಹುಡುಗಿಯೋ ಪ್ರತಿ ಊರಿಗೆ ಒಬ್ಬರಿದ್ದರೆ ಸಾಕು. ಜಬಲ್ಪುರದ ಮೂಳೆಗಳು ಪೆಟ್ಟಿಗೆಯಲ್ಲಿ ಕಾದವು, ಗುಜರಾತಿನ ಹಾವು 17 ವರ್ಷ ಗುರುತಿಸುವವರಿಗಾಗಿ ಕಾಯಿತು. ನಮ್ಮ ಕರಿಕಲ್ಲಿನ ಅಡಿಯಲ್ಲಿ ಏನು ಕಾಯುತ್ತಿದೆಯೋ ಅದನ್ನು ನೋಡುವ ಕಣ್ಣು ನಮ್ಮ ಸಂಸ್ಥೆಯ ಮಕ್ಕಳದ್ದೇ ಆಗಲಿ. ಅಲ್ಲಾಹನು ಅವರ ಇಲ್ಮಿನಲ್ಲಿ ಬರಕತ್ ನೀಡಲಿ. ಆಮೀನ್.